ದುಡಿಯುವವರ ಸೈಕಲ್ ನಿಲ್ಲಬಾರದು: ಬಡಾವಣೆಯಲ್ಲೊಂದು ಸಮುದಾಯ ಸೈಕಲ್ ಶಾಪ್ ಕಟ್ಟಿ ನಡೆಸುವ ಸಮಗ್ರ ಮಾರ್ಗದರ್ಶಿ

2011ರ ಜನಗಣತಿ ನಡೆದಾಗ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಅವುಗಳಲ್ಲಿ ಬಹುಪಾಲು ವ್ಯಾಯಾಮಕ್ಕೆ ಕೊಂಡವಲ್ಲ, ಹೊಟ್ಟೆಪಾಡಿಗೆ ಕೊಂಡವು. ಇವತ್ತೂ ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಯಂಥ ಊರುಗಳಲ್ಲಿ ನಸುಕಿಗೆ ರಸ್ತೆಗೆ ಬಂದರೆ ಕಾಣುವವರು ಇವರೇ: ಪೇಪರ್ ಹಾಕುವವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಸೆಕ್ಯುರಿಟಿ ಗಾರ್ಡ್‌ಗಳು, ಕ್ಯಾರಿಯರ್‌ಗೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರು, ಸೊಪ್ಪಿನವರು, ಹೂವಿನವರು, ಊಟದ ಡಬ್ಬಿ ಹ್ಯಾಂಡಲ್‌ಗೆ ನೇತುಹಾಕಿಕೊಂಡು ಕಟ್ಟಡದ ಕೆಲಸಕ್ಕೆ ಹೋಗುವವರು. ಇವರ ಸೈಕಲ್ ಒಂದು ದಿನ ನಿಂತರೆ ಆ ದಿನದ ಕೂಲಿಗೂ ಕತ್ತರಿ ಬೀಳುತ್ತದೆ.

ಇವರಿಗೆ ರಿಪೇರಿಯ ಜಾಗ ಕಡಿಮೆಯಾಗುತ್ತಿದೆ. ಮೂಲೆಯ ಸೈಕಲ್ ಶಾಪ್‌ಗಳು ಒಂದೊಂದಾಗಿ ಬೈಕು, ಸ್ಕೂಟರ್‌ಗಳ ಪಂಚರ್ ಕಡೆಗೆ ತಿರುಗಿವೆ. ದೊಡ್ಡ ಶೋರೂಮಿಗೆ ಹೋಗಿ, ಪೆಡಲ್ಲಿನ ಕೈಯನ್ನು (ಕ್ರ್ಯಾಂಕ್) ಆಕ್ಸಲ್‌ಗೆ ಬಿಗಿಯುವ ಕಾಟರ್ ಪಿನ್ ಕೇಳಿದರೆ ಸಿಗುವುದಿಲ್ಲ, ಅಲ್ಲಿರುವುದು ಗೇರ್ ಸೈಕಲ್‌ನ ಸಾಮಾನು. ಸಮುದಾಯ ಸೈಕಲ್ ಶಾಪ್ ಬೇಕಿರುವುದು ಈ ಎರಡರ ನಡುವೆ. ಅದು ಯಾರ ಲಾಭಕ್ಕೂ ನಡೆಯುವ ಅಂಗಡಿಯಲ್ಲ. ಸ್ಪ್ಯಾನರ್, ಪಂಪು, ಸ್ಟ್ಯಾಂಡುಗಳು ಬಂದವರ ಕೈಗೆ ಸಿಗುವಂತಿರುತ್ತವೆ, ಕಲಿಸಿಕೊಡುವವರೊಬ್ಬರು ಪಕ್ಕದಲ್ಲಿರುತ್ತಾರೆ. ಹಳೆಯ ಸೈಕಲ್‌ಗಳಿಗೆ ಅಲ್ಲಿ ಮತ್ತೆ ಜೀವ ಬರುತ್ತದೆ.

ಇದಕ್ಕೆ ಹೊರಗಡೆ ಒಳ್ಳೆಯ ಮೇಲ್ಪಂಕ್ತಿಗಳಿವೆ. ಅಮೆರಿಕದಲ್ಲಿ 1984ರಲ್ಲಿ ಹುಟ್ಟಿ ಬೋಸ್ಟನ್‌ನಲ್ಲಿ ನೆಲೆಯೂರಿದ ‘ಬೈಕ್ಸ್ ನಾಟ್ ಬಾಂಬ್ಸ್’ ಸಂಸ್ಥೆ, ನಿಕರಾಗುವಾದಲ್ಲಿ ತಮ್ಮ ಸರ್ಕಾರ ಬೆಂಬಲಿಸುತ್ತಿದ್ದ ಯುದ್ಧವನ್ನು ವಿರೋಧಿಸಿ ಆ ದೇಶಕ್ಕೆ ಹಳೆಯ ಸೈಕಲ್‌ಗಳನ್ನು ಕಳಿಸುವುದರಿಂದ ಶುರುವಾಯಿತು. ಆಮೇಲೆ ತಮ್ಮದೇ ನಗರದ ಮಕ್ಕಳಿಗೆ ರಿಪೇರಿ ಕಲಿಸಿ, ಕಲಿತು ಮುಗಿಸಿದವರಿಗೆ ಅವರೇ ಸಿದ್ಧಪಡಿಸಿದ ಸೈಕಲ್ ಕೊಡುವ ಕ್ರಮವನ್ನು ಬೆಳೆಸಿತು. ಲಾಸ್ ಏಂಜಲೀಸ್‌ನ ‘ಬೈಸಿಕಲ್ ಕಿಚನ್’ 2002ರಲ್ಲಿ ಒಂದು ಅಪಾರ್ಟ್‌ಮೆಂಟಿನ ಬಳಕೆಯಿಲ್ಲದ ಅಡುಗೆಮನೆಯಲ್ಲಿ ಆರಂಭವಾಯಿತು. ಹೆಸರು ಬಂದಿದ್ದೂ ಅಲ್ಲಿಂದಲೇ. ಅವರಿಂದ ನಾವು ತೆಗೆದುಕೊಳ್ಳಬೇಕಾದದ್ದು ತೆರೆದ ಉಪಕರಣ ಮತ್ತು ಜೊತೆಗೆ ಕೂತು ಕಲಿಸುವ ಪದ್ಧತಿ. ಸೈಕಲ್, ಬಿಡಿಭಾಗ, ಸಮಯ, ದರ ಇವೆಲ್ಲ ನಮ್ಮವೇ ಆಗಬೇಕು. ಬೋಸ್ಟನ್‌ನ ಗೇರ್ ಸೈಕಲ್‌ಗೂ ನಮ್ಮ ಸರಳು ಬ್ರೇಕಿನ (ಕೇಬಲ್ ಬದಲು ಕಬ್ಬಿಣದ ಸರಳು ಎಳೆಯುವ) ಕರಿ ಸೈಕಲ್‌ಗೂ ಒಂದು ನಟ್ಟು ಕೂಡ ಸರಿಯಾಗಿ ಹೊಂದುವುದಿಲ್ಲ.

ಮುಂದಿನ ಎಲ್ಲ ಮಾತಿಗೂ ನನ್ನ ಅಳತೆಗೋಲು ಒಂದೇ: ಇವತ್ತು ಸಂಜೆ ಕೆಟ್ಟ ಸೈಕಲ್ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೊರಡಬೇಕು. ಎಷ್ಟು ಸೈಕಲ್ ದಾನ ಮಾಡಿದೆವು ಎಂಬ ಲೆಕ್ಕ ಅದರ ನಂತರದ್ದು.

1. ಮೊದಲು ರಸ್ತೆ ನೋಡಿ, ಆಮೇಲೆ ಅಂಗಡಿ

ಜಾಗ ಹುಡುಕುವ ಮೊದಲು ಎರಡು ವಾರ ಬಡಾವಣೆಯ ಎರಡು ಮೂರು ಸರ್ಕಲ್‌ಗಳಲ್ಲಿ ನಿಂತು ಎಣಿಸಿ. ಬೆಳಿಗ್ಗೆ ಐದೂವರೆಯಿಂದ ಎಂಟು, ಸಂಜೆ ಆರರಿಂದ ಒಂಬತ್ತು. ಹಗಲು ಹನ್ನೊಂದಕ್ಕೆ ಹೋದರೆ ನಿಮಗೆ ಬೇಕಾದವರು ಯಾರೂ ಕಾಣಿಸುವುದಿಲ್ಲ. ಯಾವ ಸೈಕಲ್, ಏನು ಹೊರೆ, ಯಾವ ಕಡೆಯಿಂದ ಯಾವ ಕಡೆಗೆ ಎಂದು ಬರೆದುಕೊಳ್ಳಿ. ನಿಲ್ಲುವ ಪುರುಸೊತ್ತಿದ್ದವರನ್ನು ಮೂರೇ ಪ್ರಶ್ನೆ ಕೇಳಿ: ಹೋದ ಸಲ ಏನು ಕೆಟ್ಟಿತ್ತು? ಎಲ್ಲಿ ಮಾಡಿಸಿದಿರಿ? ಎಷ್ಟು ದಿನ ಸೈಕಲ್ ಇಲ್ಲದೆ ಇದ್ದಿರಿ? ಮೂರನೆಯ ಪ್ರಶ್ನೆಯ ಉತ್ತರವೇ ನಿಮ್ಮ ಅಂಗಡಿಯ ಸಮಯ, ಸಾಮಾನು, ದರ ಮೂರನ್ನೂ ತೀರ್ಮಾನಿಸುತ್ತದೆ.

ಹೆಂಗಸರನ್ನು ಪ್ರತ್ಯೇಕವಾಗಿ ಕೇಳಿ. ಮನೆಯಲ್ಲಿ ಸೈಕಲ್ ಇದೆ ಎಂದಮಾತ್ರಕ್ಕೆ ಅದು ಆಕೆಗೆ ಸಿಗುತ್ತದೆ ಎಂದಲ್ಲ. ಮನೆಗೆಲಸಕ್ಕೋ ಗಾರ್ಮೆಂಟ್ಸ್‌ಗೋ ಎರಡು ಮೂರು ಕಿಲೋಮೀಟರ್ ನಡೆದು ಹೋಗುವ ಅಕ್ಕಂದಿರಲ್ಲಿ, ಕಲಿಸುವವರಿದ್ದರೆ ನಾನೂ ಹೊಡೆಯುತ್ತಿದ್ದೆ ಎನ್ನುವವರು ಸಿಗುತ್ತಾರೆ. ಅವರಿಗೆ ಬೇಕಿರುವುದು ರಿಪೇರಿಗಿಂತ ಮೊದಲು ಒಂದು ಮೈದಾನ, ತಗ್ಗು ಸೀಟಿನ ಒಂದು ಸೈಕಲ್, ಸುತ್ತ ನೋಡುವ ಜನ ಇಲ್ಲದ ಒಂದು ಗಂಟೆ.

ಬೆಂಗಳೂರಿನಲ್ಲಿ ಕಟ್ಟಡದ ಕೆಲಸದವರು ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದವರಿರುತ್ತಾರೆ, ಬಿಹಾರ, ಒಡಿಶಾ, ಬಂಗಾಳದವರೂ ಇರುತ್ತಾರೆ. ಬೋರ್ಡು ಕನ್ನಡದಲ್ಲಿರಲಿ, ಅದರ ಕೆಳಗೆ ಆ ಓಣಿಯ ಜನ ಓದುವ ಇನ್ನೊಂದೆರಡು ಭಾಷೆ ಇರಲಿ. ಓದು ಬಾರದವರಿಗಾಗಿ ಚಿತ್ರಗಳಿರಲಿ: ಪಂಚರ್, ಬ್ರೇಕು, ಚೈನು, ಎದುರಿಗೆ ರೂಪಾಯಿ.

2. ಇರುವ ಮೆಕ್ಯಾನಿಕ್ಕಿನ ಹೊಟ್ಟೆಯ ಮೇಲೆ ಹೊಡೆಯಬೇಡಿ

ಬಡಾವಣೆಯಲ್ಲಿ ಒಬ್ಬ ಹಳೆಯ ಸೈಕಲ್ ಮೆಕ್ಯಾನಿಕ್ ಇದ್ದರೆ ಅವರ ಬಳಿ ಹೋಗುವುದು ನಿಮ್ಮ ಮೊದಲ ಕೆಲಸ. ನೀವು ಪುಕ್ಕಟೆ ಪಂಚರ್ ಹಾಕಲು ಶುರು ಮಾಡಿದರೆ ಮೊದಲು ಮುಚ್ಚುವುದು ಅವರ ಅಂಗಡಿ. ಎರಡು ವರ್ಷದಲ್ಲಿ ನಿಮ್ಮ ಉತ್ಸಾಹ ಇಳಿದು ನೀವೂ ಮುಚ್ಚಿದರೆ ಆ ಓಣಿಗೆ ಮೆಕ್ಯಾನಿಕ್ಕೇ ಇಲ್ಲದಂತಾಗುತ್ತದೆ. ಇದನ್ನು ನಾನು ಬಲವಾಗಿ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಮನಸ್ಸಿನ ಜನ ಎಡವುವುದು ಇಲ್ಲೇ.

ಅವರನ್ನೇ ಗುರುವಾಗಿ ಕರೆಯಿರಿ. ವಾರಕ್ಕೆ ಮೂರು ಸಂಜೆ ಬಂದು ಕಲಿಸಲು ಮೊದಲೇ ಮಾತಾಡಿದ ಸಂಬಳ ಕೊಡಿ. ಗೌರವಧನ ಎಂಬ ಹೆಸರಲ್ಲಿ ಅರ್ಧ ಕೂಲಿ ಕೊಡಬೇಡಿ. ಅವರ ಅಂಗಡಿ ತೆರೆದಿರುವ ಹೊತ್ತಿನಲ್ಲಿ ಮಾಮೂಲಿ ಪಂಚರ್ ಕೆಲಸ ಅವರಿಗೇ ಹೋಗಲಿ. ಚಕ್ರದ ಬೆಂಡ್ ತೆಗೆಯುವಾಗ ಕಡ್ಡಿಯನ್ನು ಬೆರಳಿಂದ ಮೀಟಿ ಸದ್ದಿನಲ್ಲೇ ಬಿಗಿ ಗೊತ್ತುಮಾಡುವ ಅವರ ವಿದ್ಯೆ ಯಾವ ವಿಡಿಯೋದಿಂದಲೂ ಬರುವುದಿಲ್ಲ.

3. ಜಾಗ ಮತ್ತು ಸಮಯ

ನೆಲಮಟ್ಟದಲ್ಲಿರಬೇಕು, ರಸ್ತೆಗೆ ಕಾಣಬೇಕು. ಇನ್ನೂರು ಮುನ್ನೂರು ಚದರಡಿ ಸಾಕು, ಮುಂದೆ ನಾಲ್ಕು ಸೈಕಲ್ ನಿಲ್ಲಿಸುವಷ್ಟು ನೆರಳಿದ್ದರೆ ಇನ್ನೂ ಒಳ್ಳೆಯದು. ಮೆಟ್ಟಿಲು ಹತ್ತಿಸುವ ಜಾಗವನ್ನು ಬಾಡಿಗೆ ಇಲ್ಲವೆಂದರೂ ಒಪ್ಪಬೇಡಿ. ಹೊರೆ ಕಟ್ಟಿದ ಸೈಕಲ್ ಮೆಟ್ಟಿಲು ಹತ್ತುವುದಿಲ್ಲ. ಸಮುದಾಯ ಭವನದ ಪಕ್ಕದ ಕೋಣೆ, ಶಾಲೆಯ ಬಳಕೆಯಿಲ್ಲದ ಕೊಠಡಿ, ಸಂಘದ ಕಚೇರಿಯ ಹೊರಜಗಲಿ, ಇವನ್ನೆಲ್ಲ ಕೇಳಿ ನೋಡಿ. ಯಾರು ಕೊಟ್ಟರೂ ಕಾಗದದ ಮೇಲೆ ಕೊಡಲಿ. ಬಾಡಿಗೆಯಾದರೆ ಹನ್ನೊಂದು ತಿಂಗಳ ಕರಾರು ಪತ್ರ, ಪುಕ್ಕಟೆಯಾದರೂ ಅನುಮತಿ ಪತ್ರ. ಬಾಯಿಮಾತಿನ ಜಾಗ ಚುನಾವಣೆ ಬಂದಾಗಲೋ ಕಾರ್ಯದರ್ಶಿ ಬದಲಾದಾಗಲೋ ಕೈತಪ್ಪುತ್ತದೆ.

ಸಮಯ ಸಂಜೆ ಆರರಿಂದ ಒಂಬತ್ತೂವರೆ. ಸಾಧ್ಯವಾದರೆ ವಾರದಲ್ಲಿ ಎರಡು ದಿನ ಬೆಳಿಗ್ಗೆ ಆರರಿಂದ ಎಂಟು, ಪಾಳಿ ಮುಗಿಸಿ ಬರುವವರಿಗಾಗಿ. ಭಾನುವಾರ ಪೂರ್ತಿ. ವಾರದ ರಜೆ ಮಂಗಳವಾರವೋ ಬುಧವಾರವೋ ಇರಲಿ.

4. ಕಾಗದಪತ್ರ

ಮೊದಲ ಆರು ತಿಂಗಳು ಈಗಾಗಲೇ ನೋಂದಣಿಯಾದ ಯಾವುದಾದರೂ ಸಂಘದ ಆಶ್ರಯದಲ್ಲಿ ನಡೆಸಿ. ಜನ ಬರುತ್ತಾರೆ, ಕೆಲಸ ನಡೆಯುತ್ತದೆ ಎಂದು ಖಚಿತವಾದ ಮೇಲೆ ನಿಮ್ಮದೇ ಸಂಸ್ಥೆ ಮಾಡಿ. ದಾರಿ ಮೂರಿವೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಸಂಘ ಮಾಡಲು ಕನಿಷ್ಠ ಏಳು ಜನ ಬೇಕು. ಟ್ರಸ್ಟ್ ಮಾಡುವುದಾದರೆ ಪತ್ರ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಕಂಪನಿ ಕಾಯ್ದೆ 2013ರ ಸೆಕ್ಷನ್ 8ರ ಕೆಳಗಿನ ಲಾಭರಹಿತ ಕಂಪನಿ ಮೂರನೆಯದು, ಅದರಲ್ಲಿ ಲೆಕ್ಕಪತ್ರದ ಹೊರೆ ಹೆಚ್ಚು. ಬಡಾವಣೆಯ ಮಟ್ಟದ ಕೆಲಸಕ್ಕೆ ಸಂಘವೇ ಸೂಕ್ತ ಎಂದು ನನ್ನ ಅಭಿಪ್ರಾಯ. ಅದರಲ್ಲಿ ಸದಸ್ಯರು ಪದಾಧಿಕಾರಿಗಳನ್ನು ಪ್ರಶ್ನಿಸಬಹುದು, ಬದಲಾಯಿಸಬಹುದು. ಆ ಏಳು ಜನರಲ್ಲಿ ಇಬ್ಬರಾದರೂ ಸೈಕಲ್ ಮೇಲೆಯೇ ದುಡಿಯುವವರಾಗಿರಲಿ.

ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗಬೇಕಾದರೆ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆ ನೋಂದಣಿ ಇದೆ, ಅದನ್ನು ಲೆಕ್ಕ ಪರಿಶೋಧಕರ ಮೂಲಕವೇ ಮಾಡಿಸಿ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ನಮ್ಮೂರಿನವರು ಹಣ ಕಳಿಸುತ್ತೇವೆಂದರೆ ಒಂದು ವಿಷಯ ಕೇಳಿ: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತೀಯ ಪೌರರಾಗಿಯೇ ಉಳಿದವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಆ ದೇಶದ ಪೌರತ್ವ ಪಡೆದವರು ಕಳಿಸಿದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010 ಅನ್ವಯಿಸುತ್ತದೆ. ಆ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ.

5. ಹಳೆಯ ಸೈಕಲ್ ತರುವುದು

ಇದಕ್ಕೆ ದೊಡ್ಡ ಗಣಿ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟು. ಮಕ್ಕಳು ದೊಡ್ಡವರಾದರು, ಬಾಡಿಗೆಯವರು ಬಿಟ್ಟುಹೋದರು, ಧೂಳು ಹಿಡಿದ ಸೈಕಲ್‌ಗಳು ಸಾಲಾಗಿ ನಿಂತಿರುತ್ತವೆ. ನಿವಾಸಿಗಳ ಸಂಘದ ಜೊತೆ ಮಾತಾಡಿ, ಪ್ರತಿ ಸೈಕಲ್‌ಗೂ ಒಂದು ಚೀಟಿ ಕಟ್ಟಿಸಿ: ಈ ದಿನಾಂಕದೊಳಗೆ ಯಾರೂ ತಮ್ಮದೆಂದು ಹೇಳದಿದ್ದರೆ ಸಮುದಾಯ ಶಾಪ್‌ಗೆ ಹೋಗುತ್ತದೆ. ಒಂದು ತಿಂಗಳು ಕಾಯಿರಿ. ಆಮೇಲೆ ಸಂಘದ ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿದ ಪಟ್ಟಿ ಪಡೆದೇ ಸಾಗಿಸಿ.

ಪ್ರತಿ ಸೈಕಲ್ಲಿನ ಫ್ರೇಮ್ ನಂಬರನ್ನು ಪುಸ್ತಕದಲ್ಲಿ ಬರೆಯಿರಿ. ಅದು ಸಾಮಾನ್ಯವಾಗಿ ಪೆಡಲ್ ಆಕ್ಸಲ್ ಕೂರುವ ಕೊಳವೆಯ ಅಡಿಯಲ್ಲೋ ಸೀಟಿನ ಕೆಳಗಿನ ಜೋಡಣೆಯಲ್ಲೋ ಕೆತ್ತಿರುತ್ತದೆ. ಯಾರು ಕೊಟ್ಟರು, ಯಾವ ದಿನ, ಮುಂದೆ ಯಾರಿಗೆ ಹೋಯಿತು, ಎಲ್ಲ ಅದೇ ಸಾಲಿನಲ್ಲಿರಲಿ. ಇದು ಕಾಟಾಚಾರದ ದಾಖಲೆಯಲ್ಲ. ರಾತ್ರಿ ಹನ್ನೊಂದಕ್ಕೆ ಗಸ್ತಿನವರು ಒಬ್ಬ ಕೂಲಿಕಾರನನ್ನು ನಿಲ್ಲಿಸಿ ‘ಈ ಸೈಕಲ್ ಎಲ್ಲಿಂದ ಬಂತು?’ ಎಂದು ಕೇಳಿದಾಗ ಅವನ ಜೇಬಿನಲ್ಲಿರುವ ನಿಮ್ಮ ರಸೀದಿಯೇ ಅವನ ಮಾನ ಕಾಯಬೇಕು. ಅದಕ್ಕೇ ಪುಕ್ಕಟೆ ಕೊಟ್ಟ ಸೈಕಲ್‌ಗೂ ಫ್ರೇಮ್ ನಂಬರ್ ಇರುವ ರಸೀದಿ ಬರೆದುಕೊಡಿ.

ಇನ್ನೊಂದು ಮೂಲ ಹಳ್ಳಿ ಮತ್ತು ಸಣ್ಣ ಊರುಗಳಲ್ಲಿದೆ. 2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು, ಕೋವಿಡ್ ಬಂದಮೇಲೆ ಅದು ನಿಂತಿತು. ಹೈಸ್ಕೂಲ್ ದಾಟಿದ ಮಕ್ಕಳ ಆ ಸೈಕಲ್‌ಗಳು ಎಷ್ಟೋ ಮನೆಗಳ ಹಿತ್ತಿಲಲ್ಲಿ ಬಿದ್ದಿವೆ. ಒಂದು ಟೈರು, ಒಂದು ಚೈನು, ಒಂದು ಓವರಾಯ್ಲಿಂಗ್ ಆದರೆ ಅವು ಈಗ ಎಂಟನೇ ತರಗತಿಯಲ್ಲಿರುವ ಇನ್ನೊಂದು ಮಗುವನ್ನು ಶಾಲೆಗೆ ಒಯ್ಯುತ್ತವೆ.

ತಂದದ್ದನ್ನೆಲ್ಲ ಅದೇ ದಿನ ಮೂರು ಗುಂಪು ಮಾಡಿ: ರಸ್ತೆಗೆ ಇಳಿಯುವಂಥದ್ದು, ಬಿಡಿಭಾಗಕ್ಕೆ ಆಗುವಂಥದ್ದು, ಗುಜರಿ. ಗುಂಪು ಮಾಡದೆ ಪೇರಿಸಿದರೆ ಮೂರೇ ತಿಂಗಳಲ್ಲಿ ಕೆಲಸ ಮಾಡಲು ಜಾಗವೇ ಇರುವುದಿಲ್ಲ. ಫ್ರೇಮ್ ನೋಡುವಾಗ ಹ್ಯಾಂಡಲ್ ಹಿಂದಿನ ಮೇಲಿನ ಮತ್ತು ಕೆಳಗಿನ ಕೊಳವೆಗಳ ಅಡಿಗೆ ಬೆರಳಾಡಿಸಿ. ಪೇಂಟ್ ಸುಕ್ಕುಗಟ್ಟಿದ್ದರೆ ಆ ಸೈಕಲ್ ಎದುರಿಗೆ ಗುದ್ದಿಕೊಂಡಿದೆ, ಅದು ಗುಜರಿಗೇ. ಫೋರ್ಕ್ ಹಿಂದಕ್ಕೆ ಬಾಗಿದ್ದರೂ ಅಷ್ಟೇ. ಪುಟ್ಟ ಮಕ್ಕಳ ಸೈಕಲ್‌ಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಸ್ಪ್ರಿಂಗ್ ಕೆಟ್ಟ ಅಗ್ಗದ ಸಸ್ಪೆನ್ಷನ್ ಸೈಕಲ್‌ಗಳನ್ನು ನಯವಾಗಿ ಬೇಡವೆನ್ನಿ.

6. ಉಪಕರಣ ಮತ್ತು ಸಾಮಾನು

ಮೊದಲ ದಿನಕ್ಕೆ ದೊಡ್ಡ ಹಣ ಬೇಡ. ಒಂದು ಗಟ್ಟಿ ನೆಲದ ಪಂಪು, ಎರಡು ಸೆಟ್ ಸ್ಪ್ಯಾನರ್, ತೆಳು ಕೋನ್ ಸ್ಪ್ಯಾನರ್‌ಗಳು, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಸುತ್ತಿಗೆ, ಟೈರ್ ಲಿವರ್, ಕಡ್ಡಿ ಬಿಗಿ ಮಾಡುವ ನಿಪ್ಪಲ್ ಕೀ, ಚೈನ್ ಕಟರ್, ಫ್ರೀವೀಲ್ (ಹಿಂಚಕ್ರದ ಹಲ್ಲುಗಾಲಿ) ತೆಗೆಯುವ ಕೀ, ಒಂದು ವೈಸ್. ಪಂಚರ್ ಹುಡುಕುವ ನೀರಿಗೆ ಗಾರೆ ಕೆಲಸದ ಬಾಣಲಿ ಸಾಕು. ಸೈಕಲ್ ಎತ್ತಿ ನಿಲ್ಲಿಸಲು ಮೇಲಿನ ತೊಲೆಯಿಂದ ಎರಡು ಹಗ್ಗ ಇಳಿಬಿಟ್ಟು ಸೀಟಿಗೂ ಹ್ಯಾಂಡಲ್‌ಗೂ ಕೊಕ್ಕೆ ಹಾಕಿದರೆ ಸ್ಟ್ಯಾಂಡಿನ ಖರ್ಚು ಉಳಿಯುತ್ತದೆ. ಪ್ರತಿ ಉಪಕರಣದ ಆಕಾರವನ್ನು ಹಲಗೆಯ ಮೇಲೆ ಬಣ್ಣದಲ್ಲಿ ಬರೆದು ಅಲ್ಲೇ ನೇತುಹಾಕಿ. ಯಾವುದು ವಾಪಸ್ ಬಂದಿಲ್ಲವೆಂದು ಕಣ್ಣಿಗೇ ಗೊತ್ತಾಗುತ್ತದೆ.

ಸಾಮಾನು ಕೊಳ್ಳುವಾಗ ಅಳತೆಯಲ್ಲಿ ತಪ್ಪಿದರೆ ಹಣ ಕಪಾಟಿನಲ್ಲಿ ಸತ್ತು ಬೀಳುತ್ತದೆ. ಕರಿ ಸೈಕಲ್‌ನ ಟೈರು 28×1½, ಅದರ ಬದಿಯಲ್ಲಿ 635 ಎಂಬ ಅಂಕಿ ಇರುತ್ತದೆ. ಹೊಸ ಹೈಬ್ರಿಡ್ ಸೈಕಲ್‌ಗಳದ್ದು 622. ಕಣ್ಣಿಗೆ ಒಂದೇ ಥರ ಕಂಡರೂ ಒಂದಕ್ಕೊಂದು ಕೂರುವುದಿಲ್ಲ. ‘26’ ಎಂಬ ಹೆಸರಿನಲ್ಲಂತೂ ಮೂರು ಬೇರೆ ಬೇರೆ ಟೈರುಗಳಿವೆ: 26×1⅜ ಅಂದರೆ 590, 26×1½ ಅಂದರೆ 584, ಮೌಂಟನ್ ಬೈಕಿನ (ಎಂಟಿಬಿ) 26×1.75 ಅಂದರೆ 559. ಟೈರು ಕೊಳ್ಳಲು ಹೋಗುವವರ ಕೈಯಲ್ಲಿ ಈ ಮೂರಂಕಿಯ ಚೀಟಿ ಇರಲೇಬೇಕು.

ಬೇರಿಂಗ್ ಗುಂಡುಗಳಲ್ಲಿ ಪೆಡಲ್ ಆಕ್ಸಲ್‌ಗೂ ಹಿಂದಿನ ಹಬ್‌ಗೂ ¼ ಇಂಚು, ಮುಂದಿನ ಹಬ್‌ಗೆ 3/16, ಹ್ಯಾಂಡಲ್ ಕಪ್‌ಗಳಿಗೆ 5/32. ಡಬ್ಬಿಗಳ ಮೇಲೆ ಅಳತೆ ಬರೆದಿಡಿ. ಹಳೆಯ ಗುಂಡು ಹೊಸದರ ಜೊತೆ ಬೆರೆಯಬಾರದು, ಸವೆದದ್ದು ಬಂದರೆ ಅಷ್ಟನ್ನೂ ಬದಲಿಸಿ. ಕಡ್ಡಿಗಳ ವಿಷಯದಲ್ಲಿ ನೆನಪಿಡಿ, ಹಳೆಯ ಕರಿ ಸೈಕಲ್‌ನ ಮುಂಚಕ್ರಕ್ಕೆ 32, ಹಿಂಚಕ್ರಕ್ಕೆ 40. ಹೊರೆ ಬೀಳುವುದು ಹಿಂದೆ, ಮುರಿಯುವುದೂ ಹಿಂದೆಯೇ, ಹಾಗಾಗಿ ಹಿಂದಿನ ಅಳತೆಯದನ್ನು ಹೆಚ್ಚು ತನ್ನಿ. ಇವುಗಳ ಜೊತೆ ವಾಲ್‌ಟ್ಯೂಬ್ (ವಾಲ್ವಿನೊಳಗಿನ ಸಣ್ಣ ರಬ್ಬರ್ ಕೊಳವೆ), ಬ್ರೇಕ್ ರಬ್ಬರ್, ಕಾಟರ್ ಪಿನ್, ½×⅛ ಚೈನು, 18 ಹಲ್ಲಿನ ಫ್ರೀವೀಲ್, ಟ್ಯೂಬು, ಪೆಡಲ್, ಗ್ರೀಸು. ಇಷ್ಟಿದ್ದರೆ ಬಾಗಿಲಿಗೆ ಬರುವ ಕೆಲಸದ ದೊಡ್ಡ ಪಾಲು ಆ ಸಂಜೆಯೇ ಮುಗಿಯುತ್ತದೆ.

7. ರಿಪೇರಿ: ಕಲಿಯುವ ಮತ್ತು ಕಲಿಸುವ ಕ್ರಮ

ಸೈಕಲ್ ಬಂದ ತಕ್ಷಣ ಸ್ಪ್ಯಾನರ್ ಎತ್ತಬೇಡಿ. ‘ಅಣ್ಣ, ನಾಳೆ ಎಷ್ಟು ಗಂಟೆಗೆ ಬೇಕು?’ ಎಂದು ಮೊದಲು ಕೇಳಿ. ಆಮೇಲೆ ಮುಂದಿನಿಂದ ಹಿಂದಕ್ಕೆ ನೋಡುತ್ತಾ ಹೋಗಿ: ಮುಂಚಕ್ರ, ಬ್ರೇಕು, ಹ್ಯಾಂಡಲ್, ಪೆಡಲ್, ಚೈನು, ಹಿಂಚಕ್ರ, ಕ್ಯಾರಿಯರ್. ಯಾವುದು ಇವತ್ತೇ ಆಗಬೇಕು, ಯಾವುದು ಸಂಬಳದ ದಿನದವರೆಗೆ ತಡೆಯುತ್ತದೆ ಎಂದು ಬಿಡಿಸಿ ಹೇಳಿ. ತೀರ್ಮಾನ ಅವರದು. ಬ್ರೇಕ್ ವಿಷಯದಲ್ಲಿ ಮಾತ್ರ ಮುಂದೂಡಿಕೆ ಇಲ್ಲ.

ಪಂಚರ್ ಎಂದು ಬಂದವರ ಟೈರು ಬಿಚ್ಚುವ ಮೊದಲು ವಾಲ್ವ್ ನೋಡಿ. ವಾಲ್‌ಟ್ಯೂಬ್ ರಬ್ಬರ್ ಹರಿದು ಗಾಳಿ ಇಳಿಯುವುದು ಬಹಳ ಸಾಮಾನ್ಯ. ವಾಲ್ವ್ ಬಾಯಿಗೆ ಒಂದು ಹನಿ ನೀರು ಹಚ್ಚಿದರೆ ಗುಳ್ಳೆ ಹೇಳುತ್ತದೆ. ಅದಲ್ಲವಾದರೆ ಟ್ಯೂಬ್ ತೆಗೆದು ಬಾಣಲಿಯಲ್ಲಿ ಅದ್ದಿ ತೂತು ಗುರುತಿಸಿ, ಇನ್ನೊಂದು ತೂತಿಲ್ಲವೆಂದು ಖಾತ್ರಿಪಡಿಸಿಕೊಳ್ಳಿ. ಉಜ್ಜಿ, ಸಲ್ಯೂಷನ್ ತೆಳುವಾಗಿ ಹಚ್ಚಿ, ಅದು ಒಣಗಿ ಹೊಳಪು ಹೋಗುವವರೆಗೆ ಕಾಯಿರಿ. ಕಲಿಯುವವರು ಆತುರಪಡುವುದು ಈ ನಾಲ್ಕೈದು ನಿಮಿಷಕ್ಕೇ, ಪ್ಯಾಚ್ ಕಿತ್ತು ಬರುವುದೂ ಇದರಿಂದಲೇ. ಟ್ಯೂಬ್ ಹಾಕುವ ಮೊದಲು ಬಟ್ಟೆ ಹಿಡಿದು ಟೈರಿನ ಒಳಗೆ ಪೂರ್ತಿ ಒಂದು ಸುತ್ತು ಸವರಿ. ಮುಳ್ಳು ಅಲ್ಲೇ ಉಳಿದಿದ್ದರೆ ನಾಳೆ ಬೆಳಿಗ್ಗೆ ಅದೇ ಮನುಷ್ಯ ಅದೇ ಪಂಚರ್ ಜೊತೆ ದಾರಿಯಲ್ಲಿ ನಿಲ್ಲುತ್ತಾನೆ.

ಕಾಟರ್ ಪಿನ್ ಹೊಸಬರು ಹೆಚ್ಚು ಕೆಡಿಸುವ ಭಾಗ. ನಟ್ಟನ್ನು ಪೂರ್ತಿ ತೆಗೆದು ಸುತ್ತಿಗೆಯಲ್ಲಿ ಹೊಡೆದರೆ ಥ್ರೆಡ್ ಜಜ್ಜಿಹೋಗುತ್ತದೆ. ನಟ್ಟು ಪಿನ್ನಿನ ತುದಿಗೆ ಸಮನಾಗುವಷ್ಟು ಸಡಿಲಿಸಿ, ಕ್ರ್ಯಾಂಕ್ ಕೆಳಗೆ ಗಟ್ಟಿಯಾದ ಕಬ್ಬಿಣದ ಆಸರೆ ಕೊಟ್ಟು, ಒಂದೇ ಸಲಕ್ಕೆ ನೇರವಾಗಿ ಹೊಡೆಯಬೇಕು. ಆಸರೆ ಇಲ್ಲದೆ ಹೊಡೆದ ಪೆಟ್ಟು ಒಳಗಿನ ಗುಂಡು ಮತ್ತು ಕಪ್ಪಿಗೆ ಬೀಳುತ್ತದೆ. ಹೊಸ ಪಿನ್ ಹಾಕುವಾಗ ಎಡ ಬಲದ ಪಿನ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಹೋಗಬೇಕು, ಇಲ್ಲದಿದ್ದರೆ ಎರಡು ಪೆಡಲ್ ಒಂದೇ ನೇರಕ್ಕೆ ಬರುವುದಿಲ್ಲ. ಎರಡು ದಿನ ಓಡಿಸಿದ ಮೇಲೆ ಮತ್ತೆ ಬರಹೇಳಿ, ಒಂದು ಪೆಟ್ಟು ಕೊಟ್ಟು ನಟ್ಟು ಬಿಗಿಮಾಡಿ.

ಪೆಡಲ್ ತೆಗೆಯುವಾಗ ಎಡಗಡೆಯದರ ಥ್ರೆಡ್ ಉಲ್ಟಾ ಎಂಬುದನ್ನು ಮೊದಲ ದಿನವೇ ಕಲಿಸಿ, ಗೋಡೆಯ ಮೇಲೂ ಬರೆಯಿರಿ.

ಹಬ್ ಬಿಗಿ ಮಾಡುವುದಕ್ಕೆ ಎರಡು ಪರೀಕ್ಷೆ ಸಾಕು. ಚಕ್ರ ಎತ್ತಿ ಬಿಟ್ಟರೆ ವಾಲ್ವಿನ ಭಾರಕ್ಕೇ ಅದು ತಿರುಗಿ ನಿಧಾನವಾಗಿ ನಿಲ್ಲಬೇಕು. ರಿಮ್ ಹಿಡಿದು ಅಡ್ಡಕ್ಕೆ ಅಲುಗಿಸಿದರೆ ಟಕಟಕ ಎನ್ನಬಾರದು. ಎರಡೂ ಒಟ್ಟಿಗೆ ಸಿಗುವವರೆಗೆ ಕೋನನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ ಹೋಗಿ.

ಬೆಂಡ್ ತೆಗೆಯುವಾಗ ನಿಪ್ಪಲ್‌ಗಳಿಗೆ ಮೊದಲು ಎಣ್ಣೆ ಬಿಟ್ಟು ಹತ್ತು ನಿಮಿಷ ಬಿಡಿ. ರಿಮ್ ಎಡಕ್ಕೆ ವಾಲಿದ್ದರೆ ಆ ಜಾಗದಲ್ಲಿ ಹಬ್ಬಿನ ಬಲಬದಿಗೆ ಹೋಗುವ ಕಡ್ಡಿಗಳನ್ನು ಬಿಗಿ ಮಾಡಿ, ಎಡಬದಿಯವನ್ನು ಅಷ್ಟೇ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಚಕ್ರ ತಿರುಗುವಾಗ ಚಾಕ್‌ಪೀಸ್ ಹತ್ತಿರ ಹಿಡಿದರೆ ಎಲ್ಲಿ ತಾಗುತ್ತದೋ ಅಲ್ಲಿ ಗುರುತು ಬೀಳುತ್ತದೆ.

ಚೈನು ಸವೆದಿದೆಯೇ ಎಂದು ನೋಡಲು ಸ್ಕೇಲ್ ಸಾಕು. ಒಂದು ಪಿನ್ನಿನ ನಡುವಿನಿಂದ ಅಳೆದರೆ 24 ಕೊಂಡಿ ದಾಟಿದ ಪಿನ್ ಸರಿಯಾಗಿ 12 ಇಂಚಿಗೆ ಬರಬೇಕು. ಅದು ⅛ ಇಂಚು ಮುಂದೆ ಹೋಗಿದ್ದರೆ ಚೈನು ಬದಲಿಸಿ, ಬಿಟ್ಟರೆ ಹಲ್ಲುಗಳನ್ನೂ ತಿನ್ನುತ್ತದೆ. ತೊಳೆಯಲು ಡೀಸೆಲ್ ಆಗುತ್ತದೆ, ಆದರೆ ಅದೇ ಎಣ್ಣೆಯಲ್ಲ. ಒರೆಸಿ ಒಣಗಿಸಿದ ಮೇಲೆ ಕೊಂಡಿಗೊಂದು ಹನಿ ಒಳ್ಳೆಯ ಎಣ್ಣೆ ಬಿಡಿ. ತೊಳೆದ ಕೊಳೆ ಡೀಸೆಲನ್ನು ಮೋರಿಗೆ ಚೆಲ್ಲಬೇಡಿ, ಕ್ಯಾನಿನಲ್ಲಿ ತಿಳಿಯಾಗಲು ಬಿಟ್ಟು ಮತ್ತೆ ಬಳಸಿ.

ಸರಳು ಬ್ರೇಕು ರಿಮ್ಮಿನ ಒಳಮೈಯನ್ನು ಒತ್ತುತ್ತದೆ. ಅದರ ಕೀಲುಗಳಿಗೆ ಎಣ್ಣೆ ಬೇಕು, ರಬ್ಬರಿಗೆ ಮಾತ್ರ ಒಂದು ಹನಿಯೂ ತಾಗಬಾರದು. ಕಬ್ಬಿಣದ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕ್ ಹಿಡಿಯುವುದು ಬಹಳ ತಡ. ಪ್ರತಿಯೊಬ್ಬರಿಗೂ ಇದನ್ನು ಬಾಯಿಬಿಟ್ಟು ಹೇಳಿ: ಮಳೆಯಲ್ಲಿ ದೂರದಿಂದಲೇ ಬ್ರೇಕನ್ನು ಹಗುರಾಗಿ ಹಿಡಿದು ನೀರು ಒರೆಸಿಕೊಳ್ಳಬೇಕು, ಆಮೇಲೆ ಗಟ್ಟಿಯಾಗಿ ಒತ್ತಬೇಕು.

ರಿಪೇರಿ ಮಾಡಿದವರೇ ಕೊನೆಯ ಪರೀಕ್ಷೆ ಮಾಡಬಾರದು. ಇನ್ನೊಬ್ಬರು ಬ್ರೇಕು, ಎರಡೂ ಚಕ್ರದ ನಟ್ಟು, ಹ್ಯಾಂಡಲ್ ಬಿಗಿ, ಬೆಲ್ಲು, ಹಿಂದಿನ ರಿಫ್ಲೆಕ್ಟರ್ ನೋಡಿ ಸಹಿ ಹಾಕಿದ ಮೇಲೆಯೇ ಸೈಕಲ್ ಹೊರಗೆ ಹೋಗಲಿ. ರಿಫ್ಲೆಕ್ಟರ್ ಟೇಪಿಗೆ ದುಡ್ಡು ತೆಗೆದುಕೊಳ್ಳಬೇಡಿ. ಬೀದಿದೀಪವಿಲ್ಲದ ಸರ್ವಿಸ್ ರಸ್ತೆಯಲ್ಲಿ ರಾತ್ರಿ ಮನೆಗೆ ಹೋಗುವವನ ಜೀವ ಅದರ ಮೇಲಿದೆ.

8. ದುಡ್ಡಿನ ಲೆಕ್ಕ

ಎಲ್ಲವೂ ಪುಕ್ಕಟೆ ಎಂದರೆ ಎರಡು ಕೆಡುಕು: ಶಾಪ್ ಬಾಳುವುದಿಲ್ಲ, ಬಂದವರಿಗೂ ಕೈಚಾಚಿದಂತಾಗುತ್ತದೆ. ನಾನು ಸೂಚಿಸುವ ಕ್ರಮ ಹೀಗೆ. ತಾವೇ ರಿಪೇರಿ ಮಾಡಿಕೊಳ್ಳುವವರಿಗೆ ಉಪಕರಣ, ಗಾಳಿ, ಸಲಹೆ ಉಚಿತ. ಹೊಸ ಬಿಡಿಭಾಗ ಸಗಟು ಬೆಲೆಗೆ, ಹಳೆಯ ಭಾಗ ನಾಮಮಾತ್ರ ಬೆಲೆಗೆ. ಪೂರ್ತಿ ಮಾಡಿಸಿಕೊಳ್ಳುವವರಿಗೆ ಗೋಡೆಯ ಮೇಲೆ ಬರೆದ ಕೂಲಿ, ಪಕ್ಕದ ಮೆಕ್ಯಾನಿಕ್ಕಿನ ದರಕ್ಕಿಂತ ಕಡಿಮೆಯಿಲ್ಲದಂತೆ. ಕೈಯಲ್ಲಿ ಇಲ್ಲದವರಿಗೆ ಸಂಬಳದ ದಿನದವರೆಗೆ ಖಾತೆ ಬರೆದುಕೊಳ್ಳಿ. ಖಾತೆ ಪುಸ್ತಕ ಮುಚ್ಚಿಡಿ. ಯಾರ ಬಾಕಿ ಎಷ್ಟು ಎಂಬುದು ಓಣಿಯ ಮಾತಾಗಬಾರದು.

ಬೇಸ್‌ಮೆಂಟಿನಿಂದ ಬಂದ ಒಳ್ಳೆಯ ಗೇರ್ ಸೈಕಲ್‌ಗಳನ್ನು ಸರಿಮಾಡಿ ನ್ಯಾಯವಾದ ಬೆಲೆಗೆ ಕಾಲೇಜು ಹುಡುಗರಿಗೆ, ಐಟಿ ಉದ್ಯೋಗಿಗಳಿಗೆ ಮಾರಿ. ದುಡಿಯುವವರ ರಿಪೇರಿಗೆ ಆ ಹಣ ಆಧಾರವಾಗುತ್ತದೆ. ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಕೇಳಬಹುದು. ಕಂಪನಿ ಕಾಯ್ದೆ 2013ರ ಸೆಕ್ಷನ್ 135ರಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ನೀವು ನೇರವಾಗಿ ಪಡೆಯಲು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್ಆರ್-1 ಎಂಬ ನಮೂನೆಯ ನೋಂದಣಿ ಬೇಕು. ಅವರು ಸಾಮಾನ್ಯವಾಗಿ ನೂರು ಹೊಸ ಸೈಕಲ್ ಹಂಚುವ ಸಮಾರಂಭ ಬಯಸುತ್ತಾರೆ. ವಿನಯದಿಂದಲೇ ಹೇಳಿ: ನಮಗೆ ಬೇಕಿರುವುದು ಎರಡು ವರ್ಷದ ಬಾಡಿಗೆ ಮತ್ತು ಒಬ್ಬ ಮೆಕ್ಯಾನಿಕ್ಕಿನ ಸಂಬಳ. ರಿಪೇರಿಯ ಗತಿಯಿಲ್ಲದೆ ಹಂಚಿದ ಸೈಕಲ್ ಮೊದಲ ದೊಡ್ಡ ರಿಪೇರಿ ಬಂದ ದಿನ ಮೂಲೆ ಸೇರುತ್ತದೆ.

9. ಮಕ್ಕಳ ತರಗತಿ, ಎರವಲು ಸೈಕಲ್

ಬೋಸ್ಟನ್‌ನವರ ಕ್ರಮವನ್ನು ಇಲ್ಲಿ ಧಾರಾಳವಾಗಿ ಅನುಸರಿಸಬಹುದು. ಎಂಟು ಭಾನುವಾರಗಳ ತರಗತಿ ಮಾಡಿ, ಪ್ರತಿ ಮಗುವಿಗೂ ಒಂದು ಹಳೆಯ ಸೈಕಲ್ ಕೊಟ್ಟು ಬಿಚ್ಚಿಸಿ ಜೋಡಿಸಿಸಿ. ಮುಗಿದಾಗ ಅದು ಆ ಮಗುವಿನದೇ. ಇಲ್ಲೊಂದು ಗೆರೆ ದಾಟಬಾರದು. ಬಾಲಕಾರ್ಮಿಕ ನಿಷೇಧ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಿಂದ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮಗು ಕೈ ಹಾಕುವುದು ತನ್ನ ಸೈಕಲ್‌ಗೆ ಮಾತ್ರ, ಗಿರಾಕಿಯ ಸೈಕಲ್‌ಗಲ್ಲ. ಶಾಲೆಯ ಹೊತ್ತಿನಲ್ಲಿ ಬೇಡ, ತಂದೆತಾಯಿಯ ಒಪ್ಪಿಗೆ ಬರಹದಲ್ಲಿರಲಿ, ಮಕ್ಕಳಿರುವಾಗ ಇಬ್ಬರು ದೊಡ್ಡವರು ಯಾವಾಗಲೂ ಇರಲಿ, ಶಟರ್ ತೆರೆದೇ ಇರಲಿ. ಹೆಣ್ಣುಮಕ್ಕಳ ಬ್ಯಾಚನ್ನು ಒಬ್ಬ ಅಕ್ಕ ನಡೆಸಿದರೆ ಮನೆಯವರು ಧೈರ್ಯವಾಗಿ ಕಳಿಸುತ್ತಾರೆ.

ಒಂದೇ ಸಂಜೆಯಲ್ಲಿ ಮುಗಿಯದ ರಿಪೇರಿ ಇದ್ದೇ ಇರುತ್ತದೆ. ಅದಕ್ಕಾಗಿ ನಾಲ್ಕೈದು ಗಟ್ಟಿ ಕ್ಯಾರಿಯರ್‌ನ ಎರವಲು ಸೈಕಲ್ ಸದಾ ಸಿದ್ಧವಿರಲಿ, ಎಲ್ಲಕ್ಕೂ ಒಂದೇ ಎದ್ದುಕಾಣುವ ಬಣ್ಣ ಬಳಿಯಿರಿ. ಆಧಾರ್ ಕಾರ್ಡನ್ನು ಒತ್ತೆ ಇಟ್ಟುಕೊಳ್ಳಬೇಡಿ. ಹೇಗೂ ಅವರ ಸ್ವಂತ ಸೈಕಲ್ ನಿಮ್ಮ ಬಳಿಯೇ ಇರುತ್ತದೆ. ಫೋನ್ ನಂಬರು, ಪರಿಚಯದವರೊಬ್ಬರ ಹೆಸರು ಸಾಕು. ಒಂದೋ ಎರಡೋ ವಾಪಸ್ ಬಾರದೆ ಹೋಗಬಹುದು, ಆ ನಷ್ಟವನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಸೇರಿಸಿಕೊಳ್ಳಿ.

10. ವರ್ಷದ ಪಂಚಾಂಗ

ಪುಸ್ತಕದಲ್ಲಿ ಪ್ರತಿ ಕೆಲಸದ ಎದುರು ಎರಡು ಹೊತ್ತು ಬರೆಯಿರಿ: ಸೈಕಲ್ ಬಂದದ್ದು, ಹೋದದ್ದು. ತಿಂಗಳ ಕೊನೆಗೆ ಕೂತು, ಮರುದಿನ ಬೆಳಿಗ್ಗೆಯೊಳಗೆ ಎಷ್ಟು ಹೋದವು, ಉಳಿದವು ಯಾಕೆ ತಡವಾದವು ಎಂದು ನೋಡಿ. ಸಾಮಾನು ಇಲ್ಲದೆ ತಡವಾಗಿದ್ದರೆ ಆ ಸಾಮಾನು ಮುಂದಿನ ಪಟ್ಟಿಗೆ ಬರಬೇಕು. ಕೈ ಸಾಲದೆ ತಡವಾಗಿದ್ದರೆ ಯಾವ ಸಂಜೆ ಎಂದು ಗುರುತಿಸಿ ಅವತ್ತಿಗೆ ಇನ್ನೊಬ್ಬರನ್ನು ಕರೆಯಿರಿ.

ಅತಿ ಹೆಚ್ಚಿನ ಒತ್ತಡ ಬರುವುದು ಮೇ ಕೊನೆಯಿಂದ ಜೂನ್‌ವರೆಗೆ. ಶಾಲೆ ತೆರೆಯುವುದೂ ಮುಂಗಾರು ಹಿಡಿಯುವುದೂ ಒಟ್ಟಿಗೇ. ಏಪ್ರಿಲ್‌ನಲ್ಲೇ ಟ್ಯೂಬು, ಬ್ರೇಕ್ ರಬ್ಬರು, ಮಕ್ಕಳ ಸೈಕಲ್ಲಿಗಾಗುವ 26×1⅜ ಟೈರು ತರಿಸಿ. ಮೇ ಮೂರನೇ ವಾರದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಶಾಲೆಯ ಅಂಗಳದಲ್ಲೇ ಎರಡು ದಿನದ ರಿಪೇರಿ ಮೇಳ ಇಡಿ. ಮಳೆ ನಿಂತ ಮೇಲೆ ಓವರಾಯ್ಲಿಂಗ್ ಕಾಲ: ಹಬ್ಬುಗಳೊಳಗೆ ನೀರು ಹೋಗಿ ಗ್ರೀಸು ಕೆಟ್ಟಿರುತ್ತದೆ, ಒಂದೊಂದು ಓಣಿಗೆ ಒಂದೊಂದು ಭಾನುವಾರ ಕೊಟ್ಟು ಕರೆಸಿ. ಡಿಸೆಂಬರಿನಲ್ಲಿ ಕೆಲಸ ಕಡಿಮೆ. ಗುಜರಿ ಹಾಕುವುದು, ಸಾಮಾನಿನ ಎಣಿಕೆ, ಹೊಸ ಸ್ವಯಂಸೇವಕರ ತರಬೇತಿ ಆಗ ಮುಗಿಸಿಕೊಳ್ಳಿ. ಜಾಗದ ಕರಾರು ಮುಗಿಯುವ ದಿನಾಂಕವನ್ನು ಈ ಪಟ್ಟಿಯ ಮೊದಲ ಸಾಲಿನಲ್ಲೇ ಬರೆದು, ಎರಡು ತಿಂಗಳು ಮುಂಚೆಯೇ ಮಾಲೀಕರ ಜೊತೆ ಮಾತಾಡಿ.